ಮೂವತ್ತೆರಡು ಕೊಡ ನೀರು ಹಿಡಿದ ಚೆಂಬು

ಆರನೇ ಕ್ಲಾಸಿನಲ್ಲಿ ನಾನು ಕಲಿತ ಅಳತೆಯ ಪಾಠಕ್ಕೆ ನಮ್ಮ ಮನೆ ತೆತ್ತ ಬೆಲೆ ಇಷ್ಟು: ನನ್ನ ತಾಯಿ ಉಮ್ಮನ ಎರಡು ಚಿನ್ನದ ಬಳೆ, ಒಂದು ಮದುವೆಮನೆಯ ಊಟ, ಮತ್ತು ಒಂದು ಇಡೀ ಮಳೆಗಾಲ ದೊಡ್ಡಪ್ಪ ಅದ್ದು ಕಾಕನ ಬಾಯಿಂದ ಬಿದ್ದ ಮಾತು. ಶಾಲೆಯ ಫೀಸು ಇದರಲ್ಲಿ ಸೇರಿಲ್ಲ. ಅದು ಸರಕಾರಿ ಶಾಲೆ, ಫೀಸೇ ಇರಲಿಲ್ಲ. ಇಷ್ಟು ದುಬಾರಿಯಾದದ್ದು ಯಾಕೆಂದರೆ, ನಾನು ಒಂದು ಚೀಟಿಯಲ್ಲಿ ಮೂರು ಸಂಖ್ಯೆ ಬರೆದೆ. ಅಳೆದದ್ದು ಸರಿ ಇತ್ತು, ಗುಣಿಸಿದ್ದು ಸರಿ ಇತ್ತು, ಅಕ್ಷರ ಕೂಡ ದುಂಡಗಿತ್ತು. ಆದರೂ ಟೆಂಪೋದಲ್ಲಿ ಬಂದು ನಮ್ಮ ಅಂಗಳದಲ್ಲಿ ಇಳಿದ ವಸ್ತುವನ್ನು ನೋಡಿ ಮನೆಯ ಕೋಳಿಗಳು ಕೂಡ ಒಂದು ಸುತ್ತು ದೂರ ನಿಂತವು. ಇವತ್ತು ಬಿ.ಸಿ. ರೋಡಿನಲ್ಲಿ ಪಾತ್ರೆ, ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ನನ್ನ ಅಂಗಡಿಗೆ ಬಂದವರು, "ನೀವು ಎಲ್ಲಿ ಕಲಿತದ್ದು ಈ ವ್ಯಾಪಾರ?" ಎಂದು ಕೇಳಿದರೆ ನಾನು ಆ ಚೀಟಿಯ ಕಥೆಯನ್ನೇ ಹೇಳುತ್ತೇನೆ. ಆ ಬೆಲೆಗೆ ಅದು ಅಗ್ಗವೇ ಆಯಿತು ಎಂದೂ ಹೇಳುತ್ತೇನೆ. ಆದರೆ ಹಾಗೆ ಹೇಳುವ ಧೈರ್ಯ ಬರಲು ಬಹಳ ವರ್ಷ ಹಿಡಿಯಿತು.

ನಮ್ಮ ಮನೆ ಸಿದ್ಧಕಟ್ಟೆಯಿಂದ ಸ್ವಲ್ಪ ಒಳಗೆ. ಬಾಪ, ಅಂದರೆ ಅಪ್ಪ, ಗಲ್ಫಿನಲ್ಲಿ ಒಂದು ಕಂಪೆನಿಯ ಮೆಸ್ಸಿನಲ್ಲಿ ಅಡುಗೆಯವರು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯ ಎದುರಿನ ಕೋಣೆ ಹೆಸರಿಗೆ ಮಾತ್ರ ಬಂದವರು ಕೂರುವ ಕೋಣೆ. ಬಂದವರು ಕೂತದ್ದನ್ನು ನಾನು ನೋಡಿಲ್ಲ, ಯಾಕೆಂದರೆ ಅದರ ತುಂಬ ಚೆಂಬುಗಳು. ಬೇರೆ ಕಡೆಯ ಓದುಗರಿಗೆ ಹೇಳಬೇಕು: ನಮ್ಮಲ್ಲಿ ಚೆಂಬು ಅಂದರೆ ನೀರು ಕುಡಿಯುವ ಪುಟ್ಟ ಪಾತ್ರೆಯಲ್ಲ, ಮದುವೆಗೆ ಬಿರಿಯಾನಿ, ತುಪ್ಪದನ್ನ ಮಾಡುವ ದಪ್ಪ ಹೊಟ್ಟೆಯ ತಾಮ್ರದ ಪಾತ್ರೆ. ಒಂದರ ಬಾಯಿಗೆ ಒಂದನ್ನು ಮಗುಚಿ ಇಟ್ಟರೆ ಗೋಡೆಯ ಹಾಗೆ ನಿಲ್ಲುತ್ತಿದ್ದವು. ಅವುಗಳ ನಡುವಿನ ಸಂದಿಯಲ್ಲಿ ಚಾಪೆ ಹಾಸಿ ನಾನು ಮಲಗುತ್ತಿದ್ದೆ. ಬೇಸಗೆಯಲ್ಲಿ ಕೆನ್ನೆಯನ್ನು ತಾಮ್ರಕ್ಕೆ ಒತ್ತಿದರೆ ತಂಪು. ಬಾಯಿಯೊಳಗೆ ತಲೆ ಹಾಕಿ ನನ್ನ ಹೆಸರು ಕರೆದರೆ ಯಾರೋ ದೊಡ್ಡ ಹೆಂಗಸು ಓಗೊಟ್ಟ ಹಾಗೆ ಕೇಳುತ್ತಿತ್ತು. ಬಾಪನ ಮೊದಲ ದುಡಿಮೆಯಲ್ಲಿ ಎರಡು ಚೆಂಬು ಕೊಂಡು, ಅದರ ಬಾಡಿಗೆಯಲ್ಲಿ ಮೂರನೆಯದು, ನಾಲ್ಕನೆಯದು ಎಂದು ಏಳರ ತನಕ ಬೆಳೆಸಿದ್ದು ಉಮ್ಮ. ಓದು ಬಾರದ ಉಮ್ಮ ಯಾವ ಪಾತ್ರೆ ಯಾರ ಮನೆಯಲ್ಲಿದೆ ಎಂದು ಬೆರಳ ಗೆಣ್ಣಿನಲ್ಲೇ ಇಟ್ಟುಕೊಂಡಿದ್ದಳು. ಪಾತ್ರೆ ಹಿಂದೆ ಬಂದಾಗ ಹೊಟ್ಟೆಗೆ ಬೆರಳಿನಿಂದ ಒಮ್ಮೆ ತಟ್ಟುವಳು. ಸ್ವರ ಒಡೆದಿದ್ದರೆ ಸಪೂರ ಬಿರುಕು ಎಲ್ಲೋ ಇದೆ ಎಂದರ್ಥ. ಇದನ್ನು ನೀವೂ ಮಾಡಿ, ಬಾಡಿಗೆ ಪಾತ್ರೆ ತರುವ ಮೊದಲೇ ಮಾಡಿ; ಆಮೇಲೆ ತಟ್ಟಿದರೆ ಪ್ರಯೋಜನವಿಲ್ಲ.

ಈ ಏರ್ಪಾಡು ಹಿಡಿಸದವರು ಒಬ್ಬರೇ, ಬಾಪನ ಅಣ್ಣ ಅದ್ದು ಕಾಕ. ಅವರದ್ದು ಒಣಮೀನಿನ ವ್ಯಾಪಾರ, ಮನೆ ನಮ್ಮ ಬೇಲಿಯ ಆಚೆ. ನಮ್ಮ ಎದುರಿನ ಕೋಣೆ ರಸ್ತೆಯ ಪಕ್ಕ ಇದ್ದುದರಿಂದ ಅವರ ಕಣ್ಣು ಅದರ ಮೇಲೆ. ಗೋಣಿ ಇಳಿಸಲು, ಏರಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಾಪ ಅಣ್ಣನ ಮಾತಿಗೆ ಎದುರಾಡುವವರಲ್ಲ. ಹಾಗಾಗಿ ಕೋಣೆ ಉಮ್ಮನ ಕೈಯಲ್ಲಿ ಉಳಿಯಬೇಕಾದರೆ ಚೆಂಬುಗಳು ಹೋಗುತ್ತಾ ಬರುತ್ತಾ ಇರಬೇಕು. ಒಂದು ತಿಂಗಳು ಅವು ಸುಮ್ಮನೆ ಕೂತರೂ ಕಾಕ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಂಡು ಕೇಳುವರು:

"ಎಂತ, ತಾಮ್ರ ಮೊಟ್ಟೆ ಇಡ್ತದಾ ಇಲ್ಲಿ?"

ಆ ವರ್ಷ ನಮಗೆ ಗಣಿತಕ್ಕೆ ಬಂದವರು ಜಲಜಾ ಟೀಚರ್. ತೆಳ್ಳಗಿನ ಹೆಂಗಸು, ಕೈಚೀಲದಲ್ಲಿ ಯಾವಾಗಲೂ ಏನಾದರೊಂದು ಅಳೆಯುವ ಸಾಮಾನು. ಉದ್ದ ಕಲಿಸಲು ದರ್ಜಿಯ ಟೇಪು ತಂದರು. ಕ್ಷೇತ್ರಫಲಕ್ಕೆ ಹಲಸಿನ ಎಲೆಯನ್ನು ಚೌಕುಳಿ ಕಾಗದದ ಮೇಲೆ ಇಟ್ಟು ಗೆರೆ ಎಳೆಸಿದರು. ಅರ್ಧಕ್ಕಿಂತ ಹೆಚ್ಚು ತುಂಬಿದ ಮನೆಯನ್ನು ಒಂದು ಎಂದು ಎಣಿಸು, ಕಡಿಮೆಯಾದದ್ದನ್ನು ಬಿಡು. ಗಾತ್ರಕ್ಕೆ ಔಷಧಿಯ ಬಾಟಲಿ, ದ್ರವ್ಯರಾಶಿಗೆ ರೇಷನ್ ಅಂಗಡಿಯಿಂದ ಕೇಳಿ ತಂದ ತಕ್ಕಡಿ. ಕರಾವಳಿಯ ವ್ಯಾಪಾರಿ ಮುಸ್ಲಿಮರಾದ ನಾವು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ, ಗದ್ದೆ ಬದಿಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ. ಮೂರು ಕಡೆಯೂ ಮಾತು ಬದಲಾಗುತ್ತಿತ್ತು. ಆದರೆ ನಲವತ್ತಾರು ಸೆಂಟಿಮೀಟರ್ ಎಂದರೆ ಎಲ್ಲಿ ಹೋದರೂ ನಲವತ್ತಾರೇ. ಇದು ನನಗೆ ತಲೆತಿರುಗುವಂಥ ಸಂಗತಿಯಾಗಿ ಕಂಡಿತು. ವಸ್ತು ಇಲ್ಲೇ ಇರಲಿ, ಅದರ ಅಳತೆ ಒಂದು ಕಾಗದದ ಚೂರಿನಲ್ಲಿ ಕೂತು ಬಸ್ಸು ಹತ್ತಿ ಹೋಗಬಹುದು! ಟೀಚರ ಟೇಪನ್ನು ಎರಡು ದಿನಕ್ಕೆ ಕೇಳಿ ತಂದೆ. ಮನೆಯಲ್ಲಿ ಬಾಗಿಲು, ಕಿಟಕಿ, ಬೆಕ್ಕು, ಉಮ್ಮನ ಜಡೆ ಯಾವುದನ್ನೂ ಬಿಡಲಿಲ್ಲ. ಬಾಗಿಲು ಎಪ್ಪತ್ತು ಸೆಂಟಿಮೀಟರ್ ಅಗಲ. ಆ ಸಂಖ್ಯೆ ಈಗಲೂ ಬಾಯಿಪಾಠ ಇದೆ. ಯಾಕೆ ಎಂಬುದು ಈಗ ಗೊತ್ತಾಗುತ್ತದೆ.

ನಮ್ಮಲ್ಲಿದ್ದ ಅತಿ ದೊಡ್ಡ ಚೆಂಬಿನಲ್ಲಿ ಹತ್ತು ಕಿಲೋ ಅಕ್ಕಿ ಬೇಯುತ್ತಿತ್ತು. ಗಲ್ಫಿನ ದುಡಿಮೆ ಊರಿಗೆ ಬರಲು ಶುರುವಾದ ಮೇಲೆ ಮದುವೆಗಳು ದೊಡ್ಡದಾದವು. ಜನ ಇಪ್ಪತ್ತು ಕಿಲೋದ ಚೆಂಬು ಕೇಳಿಕೊಂಡು ಬಂದು, ಇಲ್ಲವೆಂದು ಬಂಟ್ವಾಳ ಪೇಟೆಗೆ ಹೋಗುತ್ತಿದ್ದರು. ಒಂದು ಮಾಡಿಸುವುದೆಂದು ಉಮ್ಮ ನಿರ್ಧರಿಸಿದಳು. ಅದೇ ಹತ್ತು ಕಿಲೋದ ಅಳತೆಯ, ಬಿರುಕು ಬಿಟ್ಟು ಮೂಲೆ ಸೇರಿದ್ದ ಎರಡು ಹಳೆಯ ಚೆಂಬುಗಳಿದ್ದವು, ತಲಾ ಒಂಬತ್ತೂವರೆ ಕಿಲೋ ತೂಕ. ಎರಡರ ತಾಮ್ರ ಕರಗಿಸಿದರೆ ಎರಡರಷ್ಟು ದೊಡ್ಡದೊಂದು ಆಗದೆ ಎಲ್ಲಿ ಹೋಗುತ್ತದೆ? ತಾಮ್ರ ನಮ್ಮದು, ಮೂಡುಬಿದಿರೆಯ ಮಾಧವ ಆಚಾರಿಗೆ ಮಜೂರಿ ಮಾತ್ರ. ಪಾತ್ರೆ ಮಾಡಿಸುವ ಕ್ರಮವೂ ಹಿಂದಿನಿಂದ ಬಂದದ್ದು: ಇರುವ ಚೆಂಬನ್ನೇ ಹೊತ್ತುಕೊಂಡು ಹೋಗುವುದು, ಆಚಾರಿ "ಎಷ್ಟು ಅಕ್ಕಿಗೆ?" ಎಂದು ಕೇಳುವುದು, ಉಳಿದದ್ದೆಲ್ಲ ಅವರ ಕೈಗೆ ಗೊತ್ತು. ಕಾಕ ಹೇಗೂ ಮೂಡುಬಿದಿರೆಗೆ ಹೋಗುವವರಿದ್ದರು. ಆದರೆ ಒಡೆದ ಎರಡರ ಜೊತೆಗೆ ಮಾದರಿಗೆ ಮೂರನೆಯದನ್ನೂ ಹೊತ್ತು ಬಸ್ಸು ಹತ್ತಲು ಅವರು ಒಪ್ಪಲಿಲ್ಲ. ಆಗ ನಾನು ಮಧ್ಯ ಬಾಯಿ ಹಾಕಿದೆ.

"ಚೆಂಬು ಯಾಕೆ ಹೊರಬೇಕು ಉಮ್ಮ? ಅಳತೆ ಬರೆದು ಕೊಡ್ತೇನೆ. ಎಲ್ಲವನ್ನೂ ಎರಡರಿಂದ ಗುಣಿಸಿದರೆ ಆಯ್ತು."

"ಅಷ್ಟೇ ಸಾಕಾ ಮೋಳೆ?"

"ಟೀಚರ್ ಹೇಳಿಕೊಟ್ಟಿದ್ದಾರೆ."

ಟೀಚರ್ ಹಾಗೆ ಹೇಳಿಕೊಟ್ಟಿರಲಿಲ್ಲ. ಉದ್ದವನ್ನು ಎರಡರಿಂದ ಗುಣಿಸಿದರೆ ಉದ್ದ ಎರಡರಷ್ಟಾಗುತ್ತದೆ ಎಂದು ಮಾತ್ರ ಹೇಳಿದ್ದರು. ಉಳಿದದ್ದನ್ನು ಸೇರಿಸಿದ್ದು ನನ್ನ ಜಂಬ. ಹತ್ತು ಕಿಲೋದ ಚೆಂಬನ್ನು ಅಂಗಳದಲ್ಲಿಟ್ಟು ಟೇಪು ಹಿಡಿದೆ: ಎತ್ತರ ಮೂವತ್ತೆಂಟು, ಹೊಟ್ಟೆಯ ಅಗಲ ನಲವತ್ತಾರು, ಬಾಯಿ ಮೂವತ್ತು. ಚೀಟಿಯಲ್ಲಿ ಬರೆದದ್ದು ಎಪ್ಪತ್ತಾರು, ತೊಂಬತ್ತೆರಡು, ಅರವತ್ತು. ಕೆಳಗೆ ನನ್ನ ಹೆಸರನ್ನೂ ಬರೆದು ಅಡಿಗೆರೆ ಎಳೆದೆ. ಉಮ್ಮ ಆ ಚೀಟಿಯನ್ನು ಕೈಯಲ್ಲಿ ಹಿಡಿದು, ಓದು ಬಾರದ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ನೆನೆದರೆ ಈಗಲೂ ನನಗೆ ಎಲ್ಲಾದರೂ ಅಡಗಿ ಕೂರುವ ಎಂದಾಗುತ್ತದೆ.

ಒಂದು ತಿಂಗಳು ಕಳೆದು ಟೆಂಪೋ ಬಂತು. ಮೊದಲು ಇಳಿದದ್ದು ಮಾಧವ ಆಚಾರಿ, ಆಮೇಲೆ ನಾಲ್ಕು ಜನ ಹಿಡಿದು ಇಳಿಸಿದ್ದು ಅದು. ಬಿಸಿಲಿಗೆ ಕೆಂಪಗೆ ಉರಿಯುತ್ತಿತ್ತು. ನಾನು ಪಕ್ಕದಲ್ಲಿ ನಿಂತರೆ ಅದರ ಬಾಯಿ ನನ್ನ ಸೊಂಟದ ತನಕ. ಒಳಗೆ ಇಣುಕಿದೆ, ಕಲಾಯಿ ಹಾಕಿದ ಬಿಳಿಯ ತಳ ಬಾವಿಯ ಹಾಗೆ ದೂರದಲ್ಲಿ ಮಿನುಗುತ್ತಿತ್ತು. ಕಾಕ ಅದನ್ನು ಉರುಳಿಸಿಕೊಂಡು ಬಾಗಿಲ ತನಕ ಬಂದರು, ಅಲ್ಲೇ ನಿಂತರು. ಬಾಗಿಲಿಗೂ ಚೆಂಬಿನ ಹೊಟ್ಟೆಗೂ ಇಪ್ಪತ್ತೆರಡು ಸೆಂಟಿಮೀಟರಿನ ವ್ಯತ್ಯಾಸ ಎಂದು ನನಗೆ ಮಾತ್ರ ಗೊತ್ತಿತ್ತು.

"ಇದು ಚೆಂಬಾ, ನೋಹನ ಹಡಗಾ?" ಎಂದರು ಕಾಕ.

ಆಚಾರಿ ತಕ್ಕಡಿಯ ಲೆಕ್ಕ ಹೇಳಿದರು. ಮೂವತ್ತೆಂಟು ಕಿಲೋ. ಉಮ್ಮ ಕೊಟ್ಟ ತಾಮ್ರ ಹತ್ತೊಂಬತ್ತು. ಇನ್ನೂ ಅಷ್ಟೇ ತಾಮ್ರವನ್ನು ಅವರು ತಮ್ಮ ಕೈಯಿಂದ ಹಾಕಿದ್ದರು.

"ಎರಡು ಚೆಂಬಿನ ತಾಮ್ರ ಕೊಟ್ಟಿದ್ದೇನೆ. ಇದಕ್ಕೆ ನಾಲ್ಕು ಚೆಂಬಿನದ್ದು ಹೇಗೆ ಹೋಯ್ತು ಆಚಾರಿಯವರೇ?" ಉಮ್ಮನ ಸ್ವರ ಏರಲಿಲ್ಲ. ಅವಳ ಸ್ವರ ಏರದಿದ್ದರೆ ಎದುರಿನವರು ಹುಷಾರಾಗಿರಬೇಕು.

"ಚೀಟಿ ಇಲ್ಲುಂಟು ನೋಡಿ. ಬರೆದದ್ದಕ್ಕಿಂತ ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆ ಇಲ್ಲ."

"ಚೀಟಿ ನನ್ನ ಮಗಳದ್ದು, ಸರಿ. ಕಣ್ಣು ನಿಮ್ಮದಲ್ವಾ? ಇಷ್ಟು ದೊಡ್ಡದು ಯಾವ ಮನೆಗೆ ಅಂತ ಕೇಳಬಾರದಿತ್ತಾ?"

"ಕೇಳಿದೆ ಅಮ್ಮ. ಮಸೀದಿಗೆ ಎಂತ ಅಂತ ಅದ್ದು ಬ್ಯಾರಿಯವರ ಹತ್ರ ಕೇಳಿದೆ. ಬರೆದ ಹಾಗೆ ಮಾಡಿ, ಹುಡುಗಿ ಕಲಿತವಳು ಅಂದ್ರು."

ಎಲ್ಲರೂ ಕಾಕನ ಕಡೆ ನೋಡಿದರು. ಕಾಕ ಟೆಂಪೋದ ಟಯರಿನ ಕಡೆ ನೋಡಿದರು. ಆ ಒಂದು ನಿಮಿಷದಲ್ಲಿ ಉಮ್ಮ ಚೌಕಾಸಿ ಶುರು ಮಾಡಿದಳು. ತಾಮ್ರದ ತೂಕದ ಬಗ್ಗೆ ಒಂದು ಮಾತೂ ಆಡಲಿಲ್ಲ, ಯಾಕೆಂದರೆ ತೂಕ ಸುಳ್ಳಾಗುವುದಿಲ್ಲ. ಮಜೂರಿಯನ್ನು ಅರ್ಧಕ್ಕೆ ಇಳಿಸಿದಳು, ಮುಂದಿನ ಮೂರು ವರ್ಷದ ಕಲಾಯಿಯನ್ನು ಪುಕ್ಕಟೆ ಮಾಡಿಸಿಕೊಂಡಳು. ಚೀಟಿಯಲ್ಲಿ ಕೈಹಿಡಿಯ ಮಾತೇ ಇರಲಿಲ್ಲ ಎಂದು ತೋರಿಸಿ, ಹಾಕಿದ್ದ ಎರಡು ಕೈಹಿಡಿಗಳ ಬೆಲೆ ಕೊಡಲಿಲ್ಲ. ಸೋಲು ಖಚಿತವಾದ ವ್ಯಾಪಾರದಲ್ಲಿ ಕೂಡ ತಪ್ಪಿಸಲಾಗದ್ದನ್ನು ಬಿಟ್ಟು, ಬಾಗುವಂಥದ್ದನ್ನು ಹಿಡಿದು ಜಗ್ಗಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ ನಿಂತು. ಆದರೆ ಹತ್ತೊಂಬತ್ತು ಕಿಲೋ ತಾಮ್ರದ ಬೆಲೆ ಕೊಡಲೇಬೇಕಿತ್ತು. ಉಮ್ಮ ಒಳಗೆ ಹೋಗಿ ಬಂದಾಗ ಅವಳ ಎಡಗೈ ಬರಿದಾಗಿತ್ತು.

ಟೆಂಪೋ ಹೋದ ಮೇಲೆ ಯಾರೂ ನನ್ನನ್ನು ಬೈಯಲಿಲ್ಲ. ಅದು ಬೈಗಳಿಗಿಂತ ಕಷ್ಟ. ಹೊಸ ಪಾತ್ರೆಗೆ ಹುಣಸೆ ಹುಳಿ ಹಾಕಿ ನೀರು ತುಂಬಿಸಿ ಇಡುವ ಕ್ರಮ ಇತ್ತು, ಅದನ್ನಾದರೂ ಮಾಡುವ ಎಂದು ನಾನೇ ಕೊಡಪಾನ ಹಿಡಿದು ಬಾವಿಗೆ ಹೋದೆ. ಹಳೆಯ ಚೆಂಬಿಗೆ ನಾಲ್ಕು ಕೊಡ ಹಿಡಿಯುತ್ತಿತ್ತು. ಆದ್ದರಿಂದ ಇದಕ್ಕೆ ಎಂಟು. ಎಂಟನೆಯ ಕೊಡ ಸುರಿದಾಗ ನೀರು ತಳದ ಬಾಗಿದ ಭಾಗವನ್ನು ದಾಟಿ ಅಷ್ಟೇ ಬಂದಿತ್ತು. ಬಿರುಕಿರಬೇಕು ಎಂದು ಸುತ್ತ ಮುಟ್ಟಿ ನೋಡಿದೆ. ಒಂದು ಹನಿಯೂ ಹೊರಗಿರಲಿಲ್ಲ. ಒಂಬತ್ತು, ಹತ್ತು. ಹನ್ನೆರಡಕ್ಕೆ ಉಮ್ಮ ಬಂದು ನಿಂತಳು. ಹದಿನಾರಕ್ಕೆ ನಾವಿಬ್ಬರೂ ಬಾವಿಕಟ್ಟೆಯಲ್ಲಿದ್ದೆವು. ಅವಳು ಸೇದುವುದು, ನಾನು ಹೊತ್ತು ಸುರಿಯುವುದು. ಹದಿನಾರು ಎಂದರೆ ನಾಲ್ಕು ಚೆಂಬು; ತಾಮ್ರ ನಾಲ್ಕರಷ್ಟು ಹೋದದ್ದಕ್ಕೆ ನೀರೂ ನಾಲ್ಕರಷ್ಟು ಎಂದು ಮನಸ್ಸು ಒಂದು ಸಮಾಧಾನ ಹುಡುಕಿತು. ಆದರೆ ನೀರು ಇನ್ನೂ ಹೊಟ್ಟೆಯ ನಡುವಿನಲ್ಲೇ ಇತ್ತು. ಇಪ್ಪತ್ತು. ಇಪ್ಪತ್ತನಾಲ್ಕು. ನನ್ನ ಮೂರು ಸಂಖ್ಯೆಗಳ ಒಳಗೆ ಇಷ್ಟು ನೀರು ಎಲ್ಲಿ ಅಡಗಿತ್ತು? ಚೀಟಿಯಲ್ಲಿ ನಾನು ಬರೆಯದೇ ಇದ್ದದ್ದು ಅಲ್ಲಿಗೆ ಹೇಗೆ ಬಂತು? ಮೂವತ್ತೆರಡನೆಯ ಕೊಡಕ್ಕೆ ನೀರು ಬಾಯಿಯ ಅಂಚಿಗೆ ಬಂದು, ಉಬ್ಬಿ, ನಿಂತಿತು. ಅದರಲ್ಲಿ ಆಕಾಶ, ಮನೆಯ ಮಾಡು, ಬಗ್ಗಿ ನೋಡುವ ನಮ್ಮಿಬ್ಬರ ಮುಖ ಕಂಡವು. ಉಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಸುಬ್‌ಹಾನಲ್ಲಾ. ಮೋಳೆ, ನೀನು ಎಂತ ಬರೆದೆ ಅದರಲ್ಲಿ?"

ಮರುದಿನ ಟೀಚರಿಗೆ ಎಲ್ಲವನ್ನೂ ಹೇಳಿ ಅತ್ತೆ. ಅವರು ನಗಲಿಲ್ಲ. ನಾಳೆ ಬರುವಾಗ ಖಾಲಿ ಬೆಂಕಿಪೆಟ್ಟಿಗೆ ಎಷ್ಟು ಸಿಗುತ್ತದೋ ಅಷ್ಟು ತಾ ಎಂದರು. ತಂದೆ. ಮೇಜಿನ ಮೇಲೆ ಒಂದು ಪೆಟ್ಟಿಗೆ ಇಟ್ಟರು.

"ಇದರ ಉದ್ದ ಎರಡರಷ್ಟು ಮಾಡು."

ಪಕ್ಕದಲ್ಲಿ ಇನ್ನೊಂದು ಇಟ್ಟೆ. ಎರಡಾಯಿತು.

"ಅಗಲವನ್ನೂ ಮಾಡು."

ಆ ಎರಡರ ಬದಿಗೆ ಇನ್ನೆರಡು. ನಾಲ್ಕು.

"ಈಗ ಎತ್ತರ."

ನಾಲ್ಕರ ಮೇಲೆ ನಾಲ್ಕು ಇಟ್ಟೆ. ಎಣಿಸುವ ಅಗತ್ಯವಿರಲಿಲ್ಲ. ಎಂಟು ಚೆಂಬು, ತಲಾ ನಾಲ್ಕು ಕೊಡ. ದೊಡ್ಡ ಪೆಟ್ಟಿಗೆಯ ಮೇಲ್ಭಾಗದಲ್ಲಿ ಎಷ್ಟು ಚಿತ್ರ ಕಾಣುತ್ತದೆ ಎಂದು ಕೇಳಿದರು, ನಾಲ್ಕು. ಯಾವ ಬದಿ ನೋಡಿದರೂ ಒಂದು ಇದ್ದಲ್ಲಿ ನಾಲ್ಕು. ಹೊರಗಿನ ಚರ್ಮ ನಾಲ್ಕರಷ್ಟು, ಅದಕ್ಕೇ ತಾಮ್ರ ನಾಲ್ಕರಷ್ಟು. ಉದ್ದಕ್ಕೆ ಎರಡು, ಕ್ಷೇತ್ರಫಲಕ್ಕೆ ನಾಲ್ಕು, ಗಾತ್ರಕ್ಕೆ ಎಂಟು. ನಾವು ಮೂರು ಬೇರೆ ಬೇರೆ ಪಾಠ ಎಂದು ಓದಿದ್ದು ಒಂದೇ ಮನೆಯ ಮೂರು ಬಾಗಿಲು. ನಮ್ಮ ಅಂಗಳದಲ್ಲಿ ಕೂತದ್ದು ನನ್ನ ತಪ್ಪು ಎಂದುಕೊಂಡಿದ್ದೆ. ಅದು ಸೃಷ್ಟಿಯ ಕಟ್ಟಳೆ ಎಂದು ತಿಳಿದಾಗ ಅಳು ನಿಂತು ಭಯಭಕ್ತಿ ಬಂತು. ಅದರಿಂದ ಉಮ್ಮನ ಕೈಗೆ ಬಳೆ ಮಾತ್ರ ಬರಲಿಲ್ಲ.

ಮಳೆಗಾಲ ಮುಗಿಯುತ್ತಾ ಬಂದಾಗ ಮೊದಲ ಬಾಡಿಗೆ ಒಂದು ಮದುವೆಗೆ ಹೋಯಿತು. ಐದು ಚೆಂಬಿಗೆ ಐದು ಒಲೆ ಯಾಕೆ, ಒಂದರಲ್ಲೇ ಐವತ್ತು ಕಿಲೋ ಅಕ್ಕಿ ಬೇಯಿಸುವ ಎಂದು ಅವರ ಅಡುಗೆಯವನ ಆಸೆ. ತಳದ ಅಕ್ಕಿ ಇದ್ದಿಲಾಯಿತು, ನಡುವಿನದ್ದು ಗಂಟಾಯಿತು, ಮೇಲಿನದ್ದು ಹಸಿಯಾಗಿ ಉಳಿಯಿತು. ಮದುಮಗನ ಕಡೆಯವರು ಊಟಕ್ಕೆ ಇಳಿಹೊತ್ತಿನ ಅಸರ್ ನಮಾಜಿನ ತನಕ ಕಾದರಂತೆ. ಬಾಡಿಗೆ ಬರಲಿಲ್ಲ, ಬೈಗಳು ಬಂತು. ಇದಕ್ಕೂ ಬೆಂಕಿಪೆಟ್ಟಿಗೆಯಲ್ಲೇ ಉತ್ತರವಿತ್ತು: ತುಂಬಿಸುವ ಜಾಗ ಎಂಟರಷ್ಟು, ಬೆಂಕಿ ತಾಗುವ ತಳ ನಾಲ್ಕರಷ್ಟು ಮಾತ್ರ. ಬಿಸಿ ಮೇಲಕ್ಕೆ ಮುಟ್ಟುವಷ್ಟರಲ್ಲಿ ಕೆಳಗಿನದ್ದು ಸುಟ್ಟಿರುತ್ತದೆ. ಆದರೆ ಅದ್ದು ಕಾಕನಿಗೆ ಬೆಂಕಿಪೆಟ್ಟಿಗೆ ಜೋಡಿಸಿ ತೋರಿಸುವವರು ಯಾರು? ಅವರು ಮರುದಿನವೇ ಎರಡು ಗೋಣಿ ಒಣಮೀನು ತಂದು ನಮ್ಮ ಎದುರಿನ ಕೋಣೆಯ ಬಾಗಿಲ ಬಳಿ ಇಳಿಸಿದರು.

"ತಮ್ಮನಿಗೆ ಕಾಗದ ಬರೆಸಿದ್ದೇನೆ. ಈ ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿಯುವ ತನಕ ನೋಡುವ. ಅಷ್ಟರಲ್ಲಿ ಆ ಹಡಗು ಒಂದು ಕಾಸು ದುಡಿಯದಿದ್ದರೆ ಎಲ್ಲ ಚೆಂಬೂ ಗುಜರಿಗೆ, ತೂಕಕ್ಕೆ. ಹೆಂಗಸರಿಗೆ ಮನೆಯೊಳಗೆ ಕೆಲಸ ಕಡಿಮೆ ಉಂಟಾ?"

ಉಮ್ಮ ಗೋಣಿಗಳನ್ನು ಒಳಗೂ ತರಲಿಲ್ಲ, ಹೊರಗೂ ಹಾಕಲಿಲ್ಲ. ಮೂರು ವಾರ ನಾವು ಅವುಗಳನ್ನು ದಾಟಿಕೊಂಡೇ ಓಡಾಡಿದೆವು. ನನ್ನ ಪುಸ್ತಕಕ್ಕೆಲ್ಲ ಬಂಗುಡೆಯ ವಾಸನೆ.

ಮದುವೆಯಿಂದ ವಾಪಸು ಬಂದ ಚೆಂಬಿನ ತಳದಲ್ಲಿ ಸುಟ್ಟ ಅನ್ನ ಕಲ್ಲಿನ ಹಾಗೆ ಹಿಡಿದಿತ್ತು. ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಅದನ್ನು ಕೂರಿಸಿ, ನೀರು ತುಂಬಿಸಿ, ಬೂದಿ ಹಾಕಿ, ಇಡೀ ಮಧ್ಯಾಹ್ನ ತೆಂಗಿನ ಮಡಲು ಉರಿಸಿ ಕುದಿಸಿದೆವು. ಸಂಜೆ ಬೆಂಕಿ ಆರಿಸಿ, ಕೋಳಿ ಬೀಳಬಾರದೆಂದು ಹಳೆಯ ಬಾಗಿಲೊಂದನ್ನು ಮುಚ್ಚಿ, ಮೇಲೊಂದು ಗೋಣಿ ಎಳೆದು ಒಳಗೆ ಹೋದೆವು. ಬೆಳಿಗ್ಗೆ ತಿಕ್ಕಲು ಹೊರಟ ಉಮ್ಮ ಒಳಗೆ ಕೈ ಹಾಕಿ ಹಾಗೆಯೇ ನಿಂತಳು.

"ಜಮೀಲಾ, ಬಾ ಇಲ್ಲಿ. ಕೈ ಹಾಕು."

ಹಾಕಿದೆ. ಕೂಡಲೇ ಹಿಂದೆ ತೆಗೆದೆ. ನೀರು ಸುಡುತ್ತಿತ್ತು. ಒಂದು ಮಳೆ ಬಂದು ಹೋಗಿತ್ತು, ಒಲೆಯ ಬೂದಿ ಒದ್ದೆಯಾಗಿತ್ತು, ಒಂದು ಕೆಂಡವೂ ಇರಲಿಲ್ಲ. ಆದರೂ ನಿನ್ನೆಯ ಬಿಸಿ ಆ ತಾಮ್ರದೊಳಗೆ ಹಾಗೆಯೇ ಕೂತಿತ್ತು. ನಾನು ಒದ್ದೆ ಅಂಗಳದಲ್ಲೇ ಕೂತು ಯೋಚಿಸಿದೆ. ಬಿಸಿ ಒಳಗೆ ಹೋಗಲು ಇದ್ದ ಕಷ್ಟವೇ ಹೊರಗೆ ಬರಲೂ ಇರಬೇಕಲ್ಲ? ಒಳಗೆ ನೀರು ಎಂಟರಷ್ಟು, ಬಿಸಿ ಜಾರಿ ಹೋಗುವ ಚರ್ಮ ನಾಲ್ಕರಷ್ಟು. ಅನ್ನವನ್ನು ಕೆಡಿಸಿದ ಲೆಕ್ಕವೇ ಬಿಸಿಯನ್ನು ಕಾದಿತ್ತು. ಉಮ್ಮನಿಗೆ ಬಾಯಲ್ಲಿ ಹೇಳಿದರೆ ತಿಳಿಯಲಿಲ್ಲ. ಬೆಂಕಿಪೆಟ್ಟಿಗೆ ಜೋಡಿಸಿ ತೋರಿಸಿದೆ. ಅವಳು ಎಂಟು ಪೆಟ್ಟಿಗೆಗಳನ್ನು ಒಮ್ಮೆ ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿದಳು. ಆಮೇಲೆ ತಲೆಗೆ ಬಟ್ಟೆ ಹಾಕಿ ಹೊರಟಳು.

"ಎಲ್ಲಿಗೆ ಉಮ್ಮ?"

"ರಾತ್ರಿ ಬಿಸಿನೀರು ಬೇಕಾದವರು ಯಾರು ಹೇಳು? ಬತ್ತ ಬೇಯಿಸುವವರು."

ಗದ್ದೆಯ ಆಚೆ, ಊರ ದೊಡ್ಡ ಜಮೀನುದಾರರಾದ ಗುತ್ತಿನ ಮನೆಯ ಲಲಿತಕ್ಕನಿಗೆ ಕುಚ್ಚಲಕ್ಕಿ ಮಾಡಿಸುವ ದೊಡ್ಡ ಕೆಲಸ. ಕುಚ್ಚಲಕ್ಕಿಗೆ ಬತ್ತವನ್ನು ಇಡೀ ರಾತ್ರಿ ಬಿಸಿನೀರಿನಲ್ಲಿ ನೆನೆಸಿ ಮರುದಿನ ಹಬೆಯಲ್ಲಿ ಬೇಯಿಸಬೇಕು. ಅವರ ಹಂಡೆಗಳು ಸಣ್ಣವು, ನಡುರಾತ್ರಿಗೆ ತಣಿಯುವುವು. ಎರಡು ಸಲ ಎದ್ದು ಬೆಂಕಿ ಹಾಕಬೇಕು. ಎದ್ದವರು ತೂಕಡಿಸಿದರೆ ಅಕ್ಕಿಗೆ ಹುಳಿವಾಸನೆ. ಲಲಿತಕ್ಕ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಉಮ್ಮನ ಮಾತು ಕೇಳಿದರು. ಅವರ ತುಳುವಿನ ಖಾರ ಕನ್ನಡದಲ್ಲಿ ಬರುವುದಿಲ್ಲ, ಆದರೂ ಹೇಳುತ್ತೇನೆ.

"ಮದುವೆಗೆ ಬಂದವರನ್ನೆಲ್ಲ ಉಪವಾಸ ಕೆಡವಿದ ಪಾತ್ರೆ ಅಲ್ವಾ ಅದು? ಈಗ ನನ್ನ ಬತ್ತಕ್ಕೂ ಗತಿ ಕಾಣಿಸ್ಲಿಕ್ಕಾ?"

"ಅದರಲ್ಲಿ ಬೇಯಿಸಬೇಡಿ ಲಲಿತಕ್ಕ. ನೆನೆಸ್ಲಿಕ್ಕೆ ಮಾತ್ರ."

"ಎಷ್ಟು ಕೇಳ್ತೀ?"

"ಒಂದು ರಾತ್ರಿಗೆ ಏನೂ ಬೇಡ. ಬೆಳಿಗ್ಗೆ ಕೈ ಹಾಕಿ ನೋಡಿ, ಆಮೇಲೆ ನೀವೇ ಹೇಳಿ."

"ಪುಕ್ಕಟೆ ಕೊಡುವ ಬ್ಯಾರ್ದಿಯನ್ನು ನಾನು ಇವತ್ತೇ ನೋಡಿದ್ದು ಮಾರಾಯ್ತಿ."

"ಪುಕ್ಕಟೆ ಒಂದು ರಾತ್ರಿ ಮಾತ್ರ," ಎಂದಳು ಉಮ್ಮ.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ನಾನೂ ಉಮ್ಮನೂ ಗುತ್ತಿನ ಅಂಗಳಕ್ಕೆ ಹೋದೆವು. ಲಲಿತಕ್ಕ ಮುಚ್ಚಿದ್ದ ಗೋಣಿ ಸರಿಸಿದರು. ಬಿಳಿಯ ಹಬೆ ಒಮ್ಮೆ ಮೇಲೆದ್ದು ಅವರ ಮುಖ ಕಾಣದಾಯಿತು. ಬೆಳಗಿನ ಬಿಸಿಲು ಆ ಹಬೆಯಲ್ಲಿ ಸಿಕ್ಕಿಕೊಂಡು, ಇಡ್ಲಿಯಂಥ ಇಡ್ಡ್ಯ ಬೇಯುವಾಗಿನ ಹಾಗೆ ಬತ್ತದ ವಾಸನೆ ಅಂಗಳ ತುಂಬಿತು. ಅವರು ಬಳೆಗಳನ್ನು ಮೇಲೆ ಏರಿಸಿಕೊಂಡು ಮೊಣಕೈ ತನಕ ಕೈ ಇಳಿಸಿದರು, ಒಂದು ಹಿಡಿ ಬತ್ತ ತೆಗೆದು ಉಗುರಿನಿಂದ ಒಂದು ಕಾಳು ಬಿಡಿಸಿದರು, ಹಲ್ಲಿಗೆ ಕೊಟ್ಟರು. ಬಹಳ ಹೊತ್ತು ಅಗಿದರು.

"ರಾತ್ರಿ ಯಾರೂ ಏಳಲಿಲ್ಲ," ಎಂದರು, ನಮಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ. "ಸೌದೆಯೂ ಒಂದೇ ಸಲದ್ದು. ಎಂತ ಮಂತ್ರ ಹಾಕಿದ್ದೀ ಇದಕ್ಕೆ?"

"ಮಂತ್ರ ಇಲ್ಲ. ಮಗಳ ಲೆಕ್ಕ."

"ಕೊಯ್ಲು ಮುಗಿಯುವ ತನಕ ಇಲ್ಲೇ ಇರ್ಲಿ. ಅರ್ಧ ಮುಡಿ ಅಕ್ಕಿ ಕೊಡ್ತೇನೆ."

"ಒಂದು ಮುಡಿ ಲಲಿತಕ್ಕ. ಎರಡು ಸಲ ಏಳುವವರ ನಿದ್ದೆಗೇ ಅರ್ಧ ಮುಡಿ ಆಗ್ತದೆ."

ಒಂದು ಮುಡಿಗೇ ನಿಂತಿತು. ಭಾನುವಾರ ಗುತ್ತಿನ ಆಳು ಅದನ್ನು ತಲೆಯ ಮೇಲೆ ಹೊತ್ತು ತಂದು ನಮ್ಮ ಜಗಲಿಯಲ್ಲಿಟ್ಟ. ಬೈಹುಲ್ಲಿನಲ್ಲಿ ದುಂಡಗೆ ಕಟ್ಟಿ ಹಗ್ಗ ಬಿಗಿದ ಅಕ್ಕಿಯ ಮುಡಿ, ನಲವತ್ತೆರಡು ಸೇರು. ಅದರ ಮರುವಾರ ಅಳದಂಗಡಿ ಕಡೆಯ ಒಂದು ದೊಡ್ಡ ಮನೆಯಿಂದ, ಸುಗ್ಗಿಯ, ಅಂದರೆ ಎರಡನೆಯ ಬೆಳೆಯ ಬತ್ತಕ್ಕೆ ಆ ಪಾತ್ರೆ ಸಿಗಬಹುದಾ ಎಂದು ಕೇಳಿಕೊಂಡು ಜನ ಬಂದರು. ಉಮ್ಮ ಕೂಡಲೇ ಹೂಂ ಅನ್ನಲಿಲ್ಲ. ವಿಚಾರಿಸಿ ಹೇಳ್ತೇನೆ ಎಂದಳು. ಯಾರನ್ನು ವಿಚಾರಿಸಬೇಕಿತ್ತೋ ನನಗೆ ತಿಳಿಯದು.

ಅದ್ದು ಕಾಕ ಬಂದದ್ದು ಅಳದಂಗಡಿಯವರು ಜಗಲಿಯಲ್ಲಿ ಚಹಾ ಕುಡಿಯುತ್ತಿರುವಾಗಲೇ. ಮುಡಿಯನ್ನು ನೋಡಿದರು, ಬಂದವರನ್ನು ನೋಡಿದರು. ಉಮ್ಮ ಒಳಗಿನಿಂದ ಅವರಿಗೂ ಒಂದು ಲೋಟ ಚಹಾ ಕಳುಹಿಸಿದಳು. ಕುಡಿದು ಮುಗಿಸಿ, ಬಾಗಿಲ ಬಳಿಯ ಗೋಣಿಯೊಂದನ್ನು ಬೆನ್ನಿಗೆ ಏರಿಸಿಕೊಂಡರು. ಎರಡನೆಯದಕ್ಕೆ ವಾಪಸು ಬಂದಾಗ ನನ್ನ ಮುಂದೆ ನಿಂತರು.

"ಆ ಲೆಕ್ಕ ನನಗೂ ಒಮ್ಮೆ ತೋರಿಸು," ಎಂದರು. "ಗೋಣಿ ಎರಡರಷ್ಟು ಉದ್ದ ಅಗಲ ಹೊಲಿಸಿದರೆ ಮೀನು ಎಷ್ಟು ಹಿಡಿದೀತು?"

ಅಷ್ಟೆ. ತಪ್ಪಾಯಿತು ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕೋಣೆ ಉಮ್ಮನದ್ದಾಗಿಯೇ ಉಳಿಯಿತು. ಮೀನಿನ ವಾಸನೆ ಹೋಗಲು ಮಾತ್ರ ಇನ್ನೊಂದು ಮಳೆಗಾಲ ಬೇಕಾಯಿತು.

ಇನ್ನು ನಿಮಗೆ ನಾಲ್ಕು ಮಾತು. ಕೇಳದೆಯೇ ಹೇಳುತ್ತೇನೆ, ಅದು ನನ್ನ ಅಭ್ಯಾಸ. ಪಾತ್ರೆಯಾಗಲಿ, ನೀರಿನ ಟ್ಯಾಂಕಿಯಾಗಲಿ, ಅಕ್ಕಿಯ ಪೆಟ್ಟಿಗೆಯಾಗಲಿ, ಇರುವುದರ ಎರಡರಷ್ಟು ಹಿಡಿಯುವುದು ಬೇಕೆಂದರೆ ಅಳತೆಗಳನ್ನು ಎರಡರಿಂದ ಗುಣಿಸಬೇಡಿ. ಉದ್ದ, ಅಗಲ, ಎತ್ತರ ಮೂರಕ್ಕೂ ಕಾಲು ಪಾಲು ಮಾತ್ರ ಸೇರಿಸಿ. ಹೆಚ್ಚುಕಡಿಮೆ ಎರಡರಷ್ಟು ಆಗುತ್ತದೆ. ನಂಬಿಕೆ ಬಾರದಿದ್ದರೆ ಮಾಡಿ ನೋಡಿ. ನನಗೂ ಮೊದಲು ಬಂದಿರಲಿಲ್ಲ. ಅಂಗಡಿಯವನು, "ಇದು ಅದಕ್ಕಿಂತ ಚೂರು ದೊಡ್ಡದು ಅಷ್ಟೇ," ಎಂದು ಬೆಲೆ ದುಪ್ಪಟ್ಟು ಹೇಳಿದರೆ ಕೂಡಲೇ ಜಗಳಕ್ಕೆ ಹೋಗಬೇಡಿ, ಮೊದಲು ಟೇಪು ಹಿಡಿಯಿರಿ. ಆ ಚೂರಿನಲ್ಲಿ ನಿಜವಾಗಿಯೂ ಇನ್ನೊಂದು ಪಾತ್ರೆ ಇರಬಹುದು. ಟೇಪಿನ ತುದಿ ಹರಿದಿದ್ದರೆ ಹತ್ತರ ಗೆರೆಯಿಂದ ಅಳೆದು ಹತ್ತು ಕಳೆಯಿರಿ. ಮಾಡಿಸುವಾಗ ಚೀಟಿಯಲ್ಲಿ ಅಳತೆಯ ಜೊತೆ ಕೆಲಸವನ್ನೂ ಬರೆಯಿರಿ, ಯಾರಿಗೆ, ಎಂತದಕ್ಕೆ, ಎಷ್ಟಕ್ಕೆ ಎಂದು. ಮತ್ತೆ, ಅಳತೆ ತಪ್ಪಿ ಬಂದ ಸಾಮಾನನ್ನು ಸಿಟ್ಟಿನಲ್ಲಿ ಮಾರಬೇಡಿ. ಅದು ಯಾವ ಕೆಲಸಕ್ಕೆ ಸರಿಯಾದ ಅಳತೆ ಎಂದು ಒಂದು ಕೊಯ್ಲಿನ ಕಾಲ ಹುಡುಕಿ. ಸಿಗದಿದ್ದರೆ ಆಮೇಲೆ ತೂಕಕ್ಕೆ ಹಾಕುವ; ತಾಮ್ರಕ್ಕೆ ಯಾವತ್ತೂ ರೇಟುಂಟು.